ಮೆಟ್ಟಿಲು ಒಳಗೋ ಹೊರಗೋ

ಸೋಮವಾರ ಬೆಳಿಗ್ಗೆ ತಾರಸಿ ಕೊರೆಯುವ ಯಂತ್ರ ತರುತ್ತೇನೆ ಎಂದು ಹೇಳಿ ಮೇಸ್ತ್ರಿ ಹೋದ ಗಳಿಗೆಯಿಂದ ನನಗೆ ಒಂದು ಕಡೆ ಕೂರಲು ಆಗಲಿಲ್ಲ. ನಡುಮನೆಯ ತಾರಸಿಯಲ್ಲಿ ಮಂಚದಗಲದ ಕಿಂಡಿ ಕೊರೆದು, ಅದರ ಮೂಲಕ ಮಹಡಿಗೆ ಮೆಟ್ಟಿಲು ಹತ್ತಿಸುವುದು ಎಂದು ಮನೆಮಂದಿಯೆಲ್ಲ ಸೇರಿ ತೀರ್ಮಾನಿಸಿಯಾಗಿತ್ತು. ಮನೆಮಂದಿ ಎಂದರೆ ನನ್ನ ತಮ್ಮ, ಅವನ ಹೆಂಡತಿ, ನಾನು. ಮೆಟ್ಟಿಲು ಮನೆಯ ಹೊರಗಿರಬೇಕು, ನನಗೆಂದೇ ಒಂದು ಬೇರೆ ಬಾಗಿಲಿರಬೇಕು ಎಂದು ಒಳಗೊಳಗೇ ಹಂಬಲಿಸುತ್ತಿದ್ದವಳು ನಾನು. ಒಳಗಿರಲಿ ಎಂದಾಗ ತಲೆಯಾಡಿಸಿದವಳೂ ನಾನೇ.

ಬಾಯಿ ಇರಲಿಲ್ಲವೇ ಎಂದು ನೀವು ಕೇಳಬಹುದು. ಬಾಯಿಗೇನೂ ಬರವಿಲ್ಲ. ಹೊಲಿಗೆ ಅಂಗಡಿ ನಡೆಸುವವಳು ನಾನು. ನಾಳೆ ಬನ್ನಿ ಎಂದು ನಗುನಗುತ್ತಲೇ ಗಿರಾಕಿಗಳನ್ನು ತಿಂಗಳುಗಟ್ಟಲೆ ಸಾಗಹಾಕಬಲ್ಲೆ. ಆದರೆ ನಮ್ಮ ಮನೆಯಲ್ಲಿ ತನಗೆ ಬೇಕು ಎಂದು ಯಾರೂ ಕೇಳುವುದಿಲ್ಲ. ಅಪ್ಪನ ಕಾಲದಿಂದಲೂ ಹಾಗೇ. ತಟ್ಟೆ ಖಾಲಿಯಾದರೆ ಅಪ್ಪ "ಮಕ್ಕಳಿಗೆ ಬಡಿಸು" ಎನ್ನುತ್ತಿದ್ದರು, ಅಮ್ಮ ಮೊದಲು ಅಪ್ಪನ ತಟ್ಟೆಗೇ ಬಡಿಸುತ್ತಿದ್ದಳು. ಅಮ್ಮನಿಗೆ ಚಳಿಯಾದರೆ "ನಿಮಗೆ ಚಳಿ ಆಗ್ತಿದೆಯೇನೋ, ಕಿಟಕಿ ಮುಚ್ಚಲಾ" ಎಂದು ಅಪ್ಪನನ್ನು ಕೇಳುತ್ತಿದ್ದಳು. ಬೇಕಾದ್ದನ್ನು ಇನ್ನೊಬ್ಬರ ಹೆಸರಲ್ಲಿ ಕೇಳಬೇಕು, ಇಲ್ಲವೇ ಇನ್ನೊಬ್ಬರು ನಮ್ಮ ಹೆಸರಲ್ಲಿ ಕೇಳುವವರೆಗೆ ಕಾಯಬೇಕು. ಯಾರಾದರೂ ಮರೆತು ನನಗೆ ಬೇಕು ಎಂದುಬಿಟ್ಟರೆ ಅಪ್ಪ ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಸುಮ್ಮನೆ ಒಂದು ಸಲ ನೋಡುತ್ತಿದ್ದರು. ಆಮೇಲೆ ಆ ವಸ್ತು ಕೈಗೆ ಬಂದರೂ ಅದರ ಮೇಲೆ ಮನಸ್ಸು ನಿಲ್ಲುತ್ತಿರಲಿಲ್ಲ.

ಅಪ್ಪ ಅಮ್ಮ ಹೋಗಿ ಎಷ್ಟೋ ಕಾಲವಾಯಿತು, ಪದ್ಧತಿ ಮಾತ್ರ ಗಟ್ಟಿಯಾಗಿ ಉಳಿಯಿತು. ತಮ್ಮನಿಗೆ ಸೈಕಲ್ ಬೇಕಾದಾಗ ಅಪ್ಪನನ್ನು ಕೇಳಿದವಳು ನಾನು. ಪಂಪ್‌ಹೌಸಿನ ಕೆಲಸಕ್ಕೆ ಅವನ ಪರವಾಗಿ ನಾಲ್ಕು ಜನರ ಮನೆ ಬಾಗಿಲು ತಟ್ಟಿದವಳು ನಾನು. ಮದುವೆಯಾದರೆ ಇವಳನ್ನೇ ಎಂದು ಅವನ ಮನಸ್ಸಿನಲ್ಲಿದ್ದದ್ದನ್ನು ಹೊರಗೆ ಆಡಿದವಳೂ ನಾನೇ. ಆ ಹುಡುಗಿ ಬಂದ ಹೊಸತರಲ್ಲಿ ನಮ್ಮ ರೀತಿ ನೋಡಿ ಕಕ್ಕಾಬಿಕ್ಕಿಯಾದಳು. ಆಮೇಲೆ ಕಲಿತಳು, ಕಲಿತು ನಮ್ಮನ್ನೂ ಮೀರಿಸಿದಳು. ಯಾವಾಗ ನೋಡಿದರೂ ಓಡುತ್ತಲೇ ಇರುವ ಅವಳಿಗೆ ನಾನಿಟ್ಟ ಹೆಸರು ಗಡಿಬಿಡಿ. ಈಗ ಮನೆಯಲ್ಲಿ ಎಲ್ಲರೂ ಹಾಗೇ ಕರೆಯುತ್ತಾರೆ. ಅವಳು ನನ್ನನ್ನು ಅತ್ತಿಗೆ ಎನ್ನುತ್ತಾಳೆ. ಇನ್ನು ನನ್ನ ಮದುವೆ. ಅದನ್ನು ಯಾರಾದರೂ ನನ್ನ ಹೆಸರಲ್ಲಿ ಕೇಳಬೇಕಿತ್ತು. ಯಾರೂ ಕೇಳಲಿಲ್ಲ, ವಯಸ್ಸು ದಾಟಿತು, ಈಗ ಅದರ ಕೊರಗೇನೂ ಇಲ್ಲ.

ಮಹಡಿ ಕಟ್ಟುವ ಮಾತು ಬಂದದ್ದು ತಮ್ಮನ ಇಬ್ಬರು ಹೆಣ್ಣುಮಕ್ಕಳಿಂದ. ಇಬ್ಬರೂ ನನ್ನ ಜೊತೆ ಒಂದೇ ಕೋಣೆಯಲ್ಲಿ ಬೆಳೆದರು. ಅವರ ಪುಸ್ತಕ, ನನ್ನ ಬಟ್ಟೆಗಂಟು, ಮೂರು ಹಾಸಿಗೆ, ಕಾಲಿಡಲು ಜಾಗವಿರಲಿಲ್ಲ. ಕೆಳಗಿನ ಕೋಣೆ ಮಕ್ಕಳಿಗೆ, ಮೇಲಿನದು ನನಗೆ ಎಂದಾಯಿತು. ಕೆಲಸ ಶುರುವಾಯಿತು. ಗೋಡೆ ಎದ್ದಿತು, ಮೇಲೆ ಇನ್ನೊಂದು ತಾರಸಿ ಬಿತ್ತು, ಕಿಟಕಿ ಕೂತಿತು. ಕೆಲಸದವರು ಏಣಿ ಇಟ್ಟುಕೊಂಡು ಹತ್ತಿ ಇಳಿಯುತ್ತಿದ್ದರು. ಮೆಟ್ಟಿಲಿನ ವಿಷಯ ಮಾತ್ರ ಯಾರೂ ಎತ್ತಲಿಲ್ಲ. ಪ್ರತಿಯೊಬ್ಬರೂ ಇನ್ನೊಬ್ಬರು ಹೇಳಲಿ ಎಂದು ಕಾಯುತ್ತಿದ್ದೆವು.

"ಮನೆ ಕಟ್ಟಿಸಿ ಮೆಟ್ಟಿಲು ಮರೆತವರನ್ನ ನೋಡಿದ್ದು ಇದೇ ಮೊದ್ಲು," ಎಂದ ಮೇಸ್ತ್ರಿ. ಸದಾ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು, ಯಾರ ಮಾತಿಗೂ ಪೂರ್ತಿ ಕಿವಿ ಕೊಡದ ಮನುಷ್ಯ ಅವನು. "ಮೇಲಿನ ಮನೆ ಹಕ್ಕಿಗಳಿಗೆ ಬಾಡಿಗೆಗೆ ಕೊಡ್ತೀರಾ?"

"ಮರೆತಿಲ್ಲ ಮೇಸ್ತ್ರಿ," ಎಂದ ತಮ್ಮ. "ಅಕ್ಕ ಹೇಳಲಿ ಅಂತ ಇದ್ದೆ."

"ನಾನು ಹೇಳೋದೇನಿದೆ," ಎಂದೆ ನಾನು. "ಮನೆ ನೋಡ್ಕೊಳ್ಳೋಳು ಗಡಿಬಿಡಿ. ಅವಳಿಗೆ ಹೇಗೆ ಅನುಕೂಲವೋ ಹಾಗೆ."

"ನನ್ನದೇನು," ಎಂದಳು ಅವಳು. "ಹತ್ತಿ ಇಳಿಯೋರು ಅತ್ತಿಗೆ. ಅವರಿಗೆ ಸಲೀಸಾದ್ರೆ ಸಾಕು."

ಮೇಸ್ತ್ರಿ ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದ. ಇರುವುದು ಎರಡೇ ದಾರಿ ಎಂದು ವಿವರಿಸಿದ. ಒಂದು, ನಡುಮನೆಯ ಮೂಲೆಯಿಂದ ಒಳಗೇ ಮೇಲಕ್ಕೆ ಏರಿಸುವುದು. ಇನ್ನೊಂದು, ಮನೆಗೂ ಕಾಂಪೌಂಡ್ ಗೋಡೆಗೂ ನಡುವಿನ ಸಂದಿಯಲ್ಲಿ ಕಬ್ಬಿಣದ ಮೆಟ್ಟಿಲು ನಿಲ್ಲಿಸಿ, ಮೇಲೆ ಬೇರೆ ಬಾಗಿಲು ಇಡುವುದು. ಎರಡಕ್ಕೂ ಆಗುವ ಹಾಗೆ ಅವನು ಮೇಲಿನ ಗೋಡೆಯಲ್ಲಿ ಒಂದು ಬಾಗಿಲಿನಷ್ಟು ಜಾಗ ಹಾಗೇ ಬಿಟ್ಟಿದ್ದ. ಆ ಜಾಗ ನೋಡಿದಾಗಲೆಲ್ಲ ನನ್ನ ಎದೆ ಹಗುರಾಗುತ್ತಿತ್ತು.

ನಾನು ನಮ್ಮ ಪದ್ಧತಿಯಲ್ಲೇ ಶುರುಮಾಡಿದೆ. "ಒಳಗೆ ಹಾಕಿದ್ರೆ ಹಾಲ್ ಅರ್ಧ ಹೋಗತ್ತೆ. ಪಾಪ, ಇವಳು ಎಲ್ಲಿ ಓಡಾಡ್ಬೇಕು? ಇವಳಿಗೋಸ್ಕರ ಹೊರಗಿರ್ಲಿ."

"ಅಯ್ಯೋ, ನನಗ್ಯಾಕೆ ಅಷ್ಟು ಜಾಗ," ಎಂದಳು ಗಡಿಬಿಡಿ. "ಗೋಡೆ ಪಕ್ಕ ಒತ್ತರಿಸ್ಕೊಂಡು ಓಡಾಡ್ತೀನಿ. ಅತ್ತಿಗೆ ಮಳೇಲಿ ನೆನ್ಕೊಂಡು ಹತ್ತೋದು ಬೇಡ."

"ಮಳೆಗೆ ಮೇಲೊಂದು ಶೀಟು ಹಾಕಿಸಿದ್ರಾಯ್ತು. ಮಕ್ಕಳು ಓದೋರು, ನಾನು ಹೊತ್ತಲ್ಲದ ಹೊತ್ತಲ್ಲಿ ಧಡಧಡ ಹತ್ತಿ ಇಳಿದ್ರೆ ಅವರಿಗೆ ತೊಂದರೆ."

"ನಿಮ್ಮ ಸದ್ದು ಕೇಳಿದ್ರೇನೇ ಅವರು ಪುಸ್ತಕ ತೆಗೆಯೋದು," ಎಂದಳು.

"ಶೀಟು ಹಾಕಿದ್ರೂ ಹೊರಗು ಹೊರಗೇ," ಎಂದ ತಮ್ಮ. "ಅಕ್ಕನಿಗೆ ಮೈ ಹುಷಾರಿಲ್ಲ ಅಂದ್ರೆ ನಮಗೆ ಹೇಗೆ ಗೊತ್ತಾಗ್ಬೇಕು? ಬೇಡ. ಅಕ್ಕನಿಗೆ ಒಳಗೇ ಬೇಕು."

ನಾನು ಒಂದು ಬಿಟ್ಟುಕೊಟ್ಟರೆ ಅವರು ಎರಡು ಬಿಟ್ಟುಕೊಡುತ್ತಿದ್ದರು. ನಡುಮನೆ ಹೋದರೂ ಆದೀತು, ಬೆಳಕು ಹೋದರೂ ಆದೀತು, ಬಟ್ಟೆ ಬೀರು ಹಿತ್ತಲಿಗೆ ಹೋದರೂ ಆದೀತು, ಅಕ್ಕನಿಗೆ ಮಾತ್ರ ಒಳಗೇ ಮೆಟ್ಟಿಲಾಗಬೇಕು. ಇಷ್ಟು ಪ್ರೀತಿಯ ಎದುರು ಯಾರಾದರೂ ಏನು ಮಾಡಿಯಾರು? ತಲೆಯಾಡಿಸಿದೆ. ಮೇಸ್ತ್ರಿ ಸಮಾಧಾನದ ಉಸಿರು ಬಿಟ್ಟು, ಸುಣ್ಣದ ಕಡ್ಡಿ ಕಟ್ಟಿದ ಕೋಲಿನಿಂದ ಸೂರಿನ ಮೇಲೆ ಚೌಕ ಗೀರಿದ. ಕೊರೆದ ಮೇಲೆ ಮತ್ತೆ ಮುಚ್ಚು ಎಂದರೆ ತನ್ನ ಕೈಲಾಗದು ಎಂದು ಎರಡು ಸಲ ಹೇಳಿ ಹೋದ.

ಬೇರೆ ಬಾಗಿಲು ಬೇಕೆಂದರೆ ಏನೋ ಗುಟ್ಟಿರಬೇಕು ಎಂದುಕೊಳ್ಳಬೇಡಿ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ನನಗೆ ಬೇಕಿದ್ದದ್ದು ಬಹಳ ಸಣ್ಣದು. ದಿನವಿಡೀ ಅಂಗಡಿಯಲ್ಲಿ ಗಿರಾಕಿಗಳ ಜೊತೆ ನಕ್ಕು, ಮಾತಾಡಿ, ಸೊಂಟದ ಅಳತೆ ಕಮ್ಮಿ ಬರೆಯಿರಿ ಎನ್ನುವವರನ್ನು ಸಮಾಧಾನ ಮಾಡಿ ಮನೆಗೆ ಬರುತ್ತೇನೆ. ಗೇಟು ತೆರೆದರೆ ಸಾಕು, ತಮ್ಮ ಟಿವಿಯ ಸದ್ದು ತಗ್ಗಿಸಿ "ಬಂದ್ಯಾ ಅಕ್ಕ" ಎನ್ನುತ್ತಾನೆ. ಗಡಿಬಿಡಿ ಧಡಕ್ಕನೆ ಎದ್ದು ಒಲೆ ಹಚ್ಚುತ್ತಾಳೆ. ನಾನಿನ್ನೂ ಚಪ್ಪಲಿ ಬಿಟ್ಟಿರುವುದಿಲ್ಲ. ಹಸಿವಿಲ್ಲ ಎಂದರೆ ಯಾಕೆ, ಹಸಿವಿದೆ ಎಂದರೆ ಪಾಪ, ತಡವಾದರೆ ಏನಾಯಿತು, ಬೇಗ ಬಂದರೆ ಏನಾಯಿತು. ಕೆಟ್ಟ ಮಾತು ಒಂದೂ ಇಲ್ಲ. ಆದರೂ ಆ ಬಾಗಿಲು ಹತ್ತಿರವಾದಂತೆ ನನ್ನ ಹೆಜ್ಜೆ ನಿಧಾನವಾಗುತ್ತಿತ್ತು. ಯಾರಿಗೂ ಮುಖ ತೋರಿಸದೆ ಬೀಗ ತೆಗೆದು, ದೀಪವನ್ನೂ ಹಾಕದೆ, ಕುರ್ಚಿಯಲ್ಲಿ ಸುಮ್ಮನೆ ಕೂರಬೇಕು. ಇಷ್ಟೇ ನನ್ನ ಆಸೆ.

ಇನ್ನು ಕಿಂಡಿ ಕೊರೆದರೆಂದರೆ ಮುಗಿಯಿತು. ಮೇಲೆ ಹೋದರೂ ನಡುಮನೆಯ ಮೂಲಕವೇ, ಕೆಳಗೆ ಬಂದರೂ ನಡುಮನೆಯ ಮೂಲಕವೇ. ಮೇಲೆ ನಾನು ಕೆಮ್ಮಿದರೆ ಕೆಳಗೆ ನೀರು ಕಾಯುತ್ತದೆ. ಇದನ್ನು ನೆನೆಸಿಕೊಂಡಾಗಲೆಲ್ಲ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ಅಂಗಡಿಯಲ್ಲಿ ಸಮವಸ್ತ್ರದ ಅಂಗಿಗೆ ತೋಳು ಕೂರಿಸಿದೆ, ಎರಡೂ ಬಲಗೈಯವು. ಬಿಚ್ಚಿ ಮತ್ತೆ ಹೊಲಿಯಲು ಕೂತರೆ ಸೂಜಿ ಮುರಿಯಿತು. ಕತ್ತರಿ ಎತ್ತಿಟ್ಟು, ಅರ್ಧ ದಿನಕ್ಕೇ ಬಾಗಿಲು ಹಾಕಿ ಬೀದಿಗಿಳಿದೆ.

ಆಮೇಲೆ ನನಗೆ ಮೆಟ್ಟಿಲಿನ ಹುಚ್ಚು ಹಿಡಿಯಿತು ಎಂದೇ ಹೇಳಬೇಕು. ಅಲ್ಲಿಯವರೆಗೆ ಕಣ್ಣಿಗೇ ಬೀಳದಿದ್ದ ಮೆಟ್ಟಿಲುಗಳು ಬೀದಿಯ ತುಂಬ ಕಾಣತೊಡಗಿದವು. ಹಲ್ಲಿನ ಡಾಕ್ಟರರ ಮನೆಯ ಹೊರಗೆ ಸುರುಳಿ ಮೆಟ್ಟಿಲು, ಫೋಟೋ ಸ್ಟುಡಿಯೋ ಪಕ್ಕದಲ್ಲಿ ಕಿರುಗುಟ್ಟುವ ಮರದ್ದು, ಲಾಡ್ಜಿನ ಹಿಂಬದಿಯಲ್ಲಿ ತುಕ್ಕು ಹಿಡಿದು ಅಲುಗಾಡುವುದು. ಅಳತೆ ಟೇಪು ಹೇಗೂ ಕುತ್ತಿಗೆಯಲ್ಲೇ ಇತ್ತು. ಅಗಲ, ಎತ್ತರ, ಹಿಡಿಯುವ ಕಂಬಿ ಎಲ್ಲಿಗೆ ಬರುತ್ತದೆ, ಎಲ್ಲ ಅಳೆದೆ. ಡಾಕ್ಟರರ ಹೆಂಡತಿ ಮೇಲಿನಿಂದ ಇಣುಕಿ ಯಾರಮ್ಮಾ ಎಂದರು.

"ನಿಮ್ಮ ಮೆಟ್ಟಿಲಿನ ಅಳತೆ ತಗೋತಿದ್ದೀನಿ."

"ಅದಕ್ಕೇನು ಹೊಲಿಸ್ಬೇಕಿತ್ತು?" ಎಂದು ಅವರು ಗಾಬರಿಯಿಂದ ಕೇಳಿದರು. ನಾನು ಟೇಪು ಸುತ್ತಿಕೊಂಡು ಬಂದುಬಿಟ್ಟೆ.

ಶನಿವಾರ ವೆಲ್ಡಿಂಗ್ ಶಾಪಿಗೆ ಹೋದೆ. ಯಾರಿಗೂ ಹೇಳದೆ ನಾನು ಮಾಡಿದ ಕೆಲಸಗಳಲ್ಲಿ ಅದೇ ದೊಡ್ಡದು. ವೆಲ್ಡರ್ ದಪ್ಪ ಮನುಷ್ಯ, ಯಂತ್ರದ ಸದ್ದಿಗೆ ಕಿವಿ ಮಂದವಾಗಿ ಎಲ್ಲ ಮಾತನ್ನೂ ಜೋರಾಗಿಯೇ ಆಡುವವನು. ಹೊರಗಿನ ಮೆಟ್ಟಿಲು ಬೇಕಿತ್ತು ಎಂದೆ.

"ಹತ್ತೋರು ಯಾರು, ಅದು ಹೇಳಿ ಮೊದ್ಲು," ಎಂದ.

ಅಲ್ಲಿ ನನ್ನನ್ನು ಬಲ್ಲವರು ಯಾರೂ ಇರಲಿಲ್ಲ. ನಾನೇ ಎನ್ನಬಹುದಿತ್ತು. ಬಾಯಿಗೆ ಬಂದದ್ದೇ ಬೇರೆ. "ನಮ್ಮನೇಲಿ ಒಬ್ಬರು ಹೆಂಗಸಿದ್ದಾರೆ. ಅವರಿಗೆ."

"ವಯಸ್ಸು?"

"ಆಗಿದೆ. ಹೆಚ್ಚೇನಿಲ್ಲ."

"ಮಂಡಿ ಹೇಗಿದೆ ಅವರದ್ದು?"

"ಗಟ್ಟಿಯಾಗಿದೆ."

"ಗಟ್ಟಿ ಅಂತ ಅವರು ಹೇಳ್ತಾರೋ, ನೀವು ಹೇಳ್ತೀರೋ?"

"ಅವರೇ ಹೇಳ್ತಾರೆ."

"ಹಂಗಾದ್ರೆ ನಂಬೋ ಹಾಗಿಲ್ಲ," ಎಂದು ಅವನು ನಕ್ಕ. "ಒಂದ್ಸಲ ಅವರನ್ನೇ ಕರ್ಕೊಂಡ್ಬನ್ನಿ. ಹತ್ತಿಸಿ ನೋಡಿದ್ರೆ ಗೊತ್ತಾಗತ್ತೆ."

"ಅವರು ಬರಲ್ಲ. ಸಂಕೋಚದ ಸ್ವಭಾವ," ಎಂದೆ. ಹೇಳುವಾಗಲೇ ನನ್ನ ಮೇಲೆ ನನಗೇ ಸಿಟ್ಟು ಬಂತು.

ಸುರುಳಿ ಮೆಟ್ಟಿಲು ನೋಡಲು ಚೆಂದ, ಆದರೆ ಅದರಲ್ಲಿ ಮಂಚ ಹತ್ತುವುದಿಲ್ಲ, ಹೊಲಿಗೆ ಯಂತ್ರ ಹತ್ತುವುದಿಲ್ಲ. ನೇರ ಮೆಟ್ಟಿಲಿಗೆ ನಮ್ಮ ಸಂದಿಯ ಉದ್ದ ಸಾಲದು, ಗೇಟಿಗೆ ಹೋಗಿ ತಾಗುತ್ತದೆ. ಕೊನೆಗೆ ನಡುವೆ ಒಂದು ಕಟ್ಟೆಯಷ್ಟು ಜಾಗ ಬಿಟ್ಟು ತಿರುಗುವ ಮೆಟ್ಟಿಲು ಸರಿಹೊಂದುತ್ತದೆ ಎಂದಾಯಿತು. ಪಾದ ಪೂರ್ತಿ ಊರುವಷ್ಟು ಅಗಲ, ಜಾರದ ಹಾಗೆ ಉಬ್ಬುಗೆರೆಯ ತಗಡು. ಅಂಥದ್ದೇ ಒಂದನ್ನು ಬೇರೆ ಯಾರಿಗೋ ಮಾಡಿ ಅಂಗಳದ ಗೋಡೆಗೆ ಆನಿಸಿಟ್ಟಿದ್ದರು. ಹತ್ತಲಾ ಎಂದು ಕೇಳಿ, ಅವನು ಹೂಂ ಎನ್ನುವುದರೊಳಗೆ ಹತ್ತಿಯೇಬಿಟ್ಟೆ. ಮೇಲೆ ಮನೆಯೂ ಇರಲಿಲ್ಲ, ಬಾಗಿಲೂ ಇರಲಿಲ್ಲ. ಕೊನೆಯ ಮೆಟ್ಟಿಲ ಮೇಲೆ ಕೂತೆ. ಕೆಳಗೆ ಕಿಡಿ ಹಾರುತ್ತಿತ್ತು, ಕಿವಿ ಗುಂಯ್ಗುಡುವಷ್ಟು ಗದ್ದಲ. ಆದರೂ ಎಷ್ಟೋ ದಿನಗಳ ಮೇಲೆ ನನಗೆ ಹಾಯೆನಿಸಿತು. ಇಳಿಯಲು ಮನಸ್ಸೇ ಬರಲಿಲ್ಲ.

"ಅವರಿಗೆ ಒಪ್ಪಿಗೆ ಆಗತ್ತಾ?" ಎಂದು ವೆಲ್ಡರ್ ಕೆಳಗಿನಿಂದ ಕೂಗಿ ಕೇಳಿದ.

"ಆಗತ್ತೆ," ಎಂದೆ. "ಮನೇಲಿ ಕೇಳಿ ಹೇಳ್ತೀನಿ."

ಮನೆಯಲ್ಲಿ ಕೇಳುವುದು ಹೇಗೆ? ಭಾನುವಾರ ಕೊನೆಯ ಪ್ರಯತ್ನ ಮಾಡಿದೆ. ನಮ್ಮಲ್ಲಿ ನಿಯಮವಿರುವುದೇ ಹೀಗೆ: ನನಗೆ ಬೇಕಾದ್ದನ್ನು ತಮ್ಮ ಕೇಳಬೇಕು. ಹಾಗಾದರೆ ಅವನಿಗೆ ತಾನಾಗಿಯೇ ಹೊಳೆಯುವಂತೆ ಮಾಡಬೇಕು. ಮೇಲೆ ನೋಡಿ ಬರೋಣ ಬಾ ಎಂದು ಅವನನ್ನು ಏಣಿ ಹತ್ತಿಸಿದೆ. ಅವನ ಹೊಟ್ಟೆಗೂ ಏಣಿಗೂ ಅಷ್ಟಕ್ಕಷ್ಟೇ. ಏದುಸಿರು ಬಿಡುತ್ತ ಹಿಂದೆ ಬಂದ. ಸಿಮೆಂಟಿನ ಹಸಿ ವಾಸನೆಯ ಕೋಣೆಯಲ್ಲಿ, ಗೋಡೆಯಲ್ಲಿ ಬಿಟ್ಟಿದ್ದ ಆ ಜಾಗದ ಮುಂದೆ ನಿಂತೆ.

"ಇಲ್ಲೊಂದು ಬಾಗಿಲಿಗೆ ಜಾಗ ಇದೆಯಲ್ವಾ," ಎಂದೆ.

"ನಾಳೆ ಇಟ್ಟಿಗೆ ಕಟ್ಟಿಸಿ ಮುಚ್ಚಿಸ್ತೀನಿ. ನಿನಗೆ ಗಾಳಿ ಹೊಡೆಯತ್ತೆ."

"ಕೆಲವರಿಗೆ ಹೊರಗಿನ ಮೆಟ್ಟಿಲೇ ಇಷ್ಟ ಆಗತ್ತಂತೆ ಕಣೋ."

"ಯಾರಿಗೆ?"

"ಹೀಗೇ. ಕೆಲವರಿಗೆ."

"ಅಂಥೋರು ಹೊರಗೇ ಹಾಕಿಸ್ಕೊಳ್ಳಲಿ ಬಿಡು," ಎಂದು ಉದಾರವಾಗಿ ಹೇಳಿದ.

ಏಣಿಯನ್ನು ಒದ್ದುಬಿಡೋಣ ಎನ್ನುವಷ್ಟು ಸಿಟ್ಟು ಬಂತು. ಅವನಿಗೆ ಅದರ ಪರಿವೆಯೇ ಇರಲಿಲ್ಲ. ಒಳಗಿನ ಮೆಟ್ಟಿಲಿಗೆ ಕೈ ಹಿಡಿಯಲು ಮರದ ಪಟ್ಟಿ ಹಾಕಿಸುತ್ತಾನಂತೆ. ನುಣುಪಾಗುವಂತೆ ತಾನೇ ಉಜ್ಜಿ ಪಾಲಿಶ್ ಮಾಡುತ್ತಾನಂತೆ. ಕೆಳಗಿನ ಮೆಟ್ಟಿಲು ಅಗಲವಾಗಿದ್ದರೆ ಸಂಜೆ ಅಲ್ಲೇ ಕೂತು ಮಾತಾಡಬಹುದಂತೆ. ಕೈ ಆಡಿಸುತ್ತ ಗಾಳಿಯಲ್ಲೇ ಮೆಟ್ಟಿಲು ಕಟ್ಟಿ ತೋರಿಸಿದ. ಅವನು ಅಷ್ಟು ಮಾತಾಡಿದ್ದನ್ನು ನಾನು ಬಹಳ ಕಾಲದಿಂದ ನೋಡಿರಲಿಲ್ಲ. ನಾನು ಕೆಳಗಿಳಿದು ಇಲ್ಲದ ಕೆಲಸ ಹುಡುಕಿಕೊಂಡು ಹಿತ್ತಲಿಗೆ ಹೋದೆ.

ಸೋಮವಾರ ಮಕ್ಕಳು ಶಾಲೆಗೆ ಹೋಗುವುದಕ್ಕೂ ಯಂತ್ರ ಬರುವುದಕ್ಕೂ ಸರಿಹೋಯಿತು. ಬೀರುವನ್ನು ಸರಿಸಿ, ಟಿವಿಗೆ ಹಳೆಯ ಹೊದಿಕೆ ಹೊದಿಸಿ, ನೆಲಕ್ಕೆ ಗೋಣಿಚೀಲ ಹಾಸಿದೆವು. ಗಡಿಬಿಡಿ ಒದ್ದೆ ಬಟ್ಟೆ ಹಿಡಿದು ಕೋಣೆಯಿಂದ ಕೋಣೆಗೆ ಓಡುತ್ತಿದ್ದಳು. ತಮ್ಮ ಕೆಲಸಕ್ಕೆ ರಜೆ ಹಾಕಿದ್ದ. ಮೇಸ್ತ್ರಿಯ ಆಳು ಹಲಗೆಯ ಮೇಲೆ ಹತ್ತಿ, ಯಂತ್ರವನ್ನು ಹೆಗಲಿಗೇರಿಸಿ, ಅದರ ಬಾಯನ್ನು ಸುಣ್ಣದ ಗೆರೆಗೆ ತಾಗಿಸಿ ನಿಂತ.

"ಕೊನೇ ಸಲ ಕೇಳ್ತಿದ್ದೀನಿ," ಎಂದ ಮೇಸ್ತ್ರಿ. "ಇಲ್ಲೇ ತಾನೆ?"

"ಅಕ್ಕನಿಗೆ ಒಳಗೇ ಬೇಕು," ಎಂದ ತಮ್ಮ. "ಶುರು ಮಾಡಿ."

ಯಂತ್ರ ಶುರುವಾಯಿತು. ಕಿಟಕಿಯ ಗಾಜು, ಪಾತ್ರೆ, ನನ್ನ ಹಲ್ಲು ಎಲ್ಲ ಒಟ್ಟಿಗೆ ನಡುಗಿದವು. ಸೂರಿನಿಂದ ಮೊದಲ ಚೂರು ಗಾರೆ ಉದುರಿತು. ನನಗೆ ಬೇಡ ಎಂದೆ ನಾನು. ನನ್ನ ಮಾತು ನನಗೇ ಕೇಳಿಸಲಿಲ್ಲ. ಎಲ್ಲರೂ ತಲೆ ಎತ್ತಿ ಸೂರನ್ನೇ ನೋಡುತ್ತಿದ್ದರು. ಹೋಗಿ ಗೋಡೆಯ ಸ್ವಿಚ್ಚನ್ನು ಆರಿಸಿದೆ. ಸದ್ದು ನಿಂತು ಮನೆ ಗವ್ವೆಂದಿತು.

"ನನಗೆ ಒಳಗೆ ಬೇಡ," ಎಂದೆ. "ನನಗೆ ಹೊರಗಡೆ ಬೇಕು. ಬೇರೆ ಬಾಗಿಲು ಬೇಕು."

ತಮ್ಮ ನನ್ನ ಕಡೆಗೆ ತಿರುಗಿದ. "ಯಾರಾದ್ರೂ ಏನಾದ್ರೂ ಅಂದ್ರಾ?" ಎಂದು ಮೆಲ್ಲಗೆ ಕೇಳಿದ. "ಇವಳು? ಮಕ್ಕಳು?"

"ಯಾರೂ ಏನೂ ಅಂದಿಲ್ಲ."

"ಮತ್ತೆ ಯಾರಿಗೋಸ್ಕರ?"

"ನನಗೋಸ್ಕರ ಕಣೋ. ನನಗೇ ಬೇಕು."

ಗಡಿಬಿಡಿ ಈಗ ಅಳುತ್ತಾಳೆ, ನಮ್ಮಿಂದ ಏನು ತಪ್ಪಾಯಿತು ಎನ್ನುತ್ತಾಳೆ, ಸಮಾಧಾನಪಡಿಸಬೇಕು ಎಂದು ಸಿದ್ಧಳಾಗಿ ನಿಂತಿದ್ದೆ. ಅವಳು ಅಳಲಿಲ್ಲ. ಒದ್ದೆ ಬಟ್ಟೆಯನ್ನು ಹಾಗೇ ಕೈಯಲ್ಲಿ ಹಿಡಿದು ಗೋಣಿಚೀಲದ ಮೇಲೆ ಕೂತುಬಿಟ್ಟಳು. ಬೆಳಗಿನ ಹೊತ್ತು ಅವಳು ಕೂತದ್ದನ್ನು ನಾನು ನೋಡಿದ್ದೇ ಇಲ್ಲ.

"ನನಗೂ," ಎಂದಳು.

"ನಿನಗೂ ಏನು?"

"ನನಗೂ ಹೊರಗೇ ಬೇಕ್ರಿ, ಅತ್ತಿಗೆ." ಅವಳು ನನ್ನ ಮುಖ ನೋಡಲಿಲ್ಲ, ಬಟ್ಟೆಯನ್ನು ಹಿಂಡುತ್ತ ಮಾತಾಡಿದಳು. "ನೀವು ಬರೋ ಹೊತ್ತಿಗೆ ಎದ್ದೇಳದೆ ಒಂದು ದಿನ ಸುಮ್ಮನೆ ಕೂತಿರ್ಬೇಕು ಅಂತ ಮದುವೆಯಾಗಿ ಬಂದಾಗಿಂದ ಆಸೆ. ಗೇಟಿನ ಸದ್ದು ಕೇಳಿದ್ರೆ ಸಾಕು, ಕಾಲು ತಾನಾಗೇ ಎದ್ದುಬಿಡತ್ತೆ. ಕೂತಿದ್ದು ನೀವು ನೋಡಿಬಿಟ್ರೆ ಏನಂದ್ಕೋತೀರೋ ಅಂತ. ನೀವು ಏನೂ ಅನ್ನಲ್ಲ, ಗೊತ್ತು. ಆದ್ರೂ."

ನಾನು ಕೇಳಿದ್ದನ್ನೇ ಅವಳೂ ಕೇಳಿದಳು. ಸಂತೋಷಪಡಬೇಕಿತ್ತು. ಪಡಲಾಗಲಿಲ್ಲ. ನಾನು ಹೊರಗೆ ಹೋಗಬೇಕೆಂದು ನಾನು ಬಯಸುವುದು ಬೇರೆ, ನಾನು ಹೋಗಲಿ ಎಂದು ಇನ್ನೊಬ್ಬಳು ಬಯಸುವುದು ಬೇರೆ. ನಾನು ತಪ್ಪಿಸಿಕೊಳ್ಳಬೇಕೆಂದಿದ್ದ ಆ ಒಲೆ, ಆ ಬಿಸಿ ಊಟ, ಆ ಎದ್ದು ನಿಲ್ಲುವಿಕೆ, ಅದರಿಂದ ಅವಳೂ ತಪ್ಪಿಸಿಕೊಳ್ಳಬೇಕೆಂದಿದ್ದಳು. ಏನೋ ಒಂದು ಕಟುವಾದ ಮಾತು ನಾಲಿಗೆಯ ತುದಿಗೆ ಬಂತು. ನ್ಯಾಯ ಅವಳ ಕಡೆಗೂ ಇತ್ತು, ನುಂಗಿಕೊಂಡೆ.

"ಇಬ್ಬರದೂ ಒಂದೇ ಮಾತಾಯ್ತಲ್ಲ," ಎಂದ ಮೇಸ್ತ್ರಿ, ಎಲ್ಲಿ ಮತ್ತೆ ಬದಲಾಗುತ್ತದೋ ಎಂದು ಅವಸರದಿಂದ. "ಹೊರಗೇ ಹಂಗಾದ್ರೆ. ಬನ್ನಿ, ಸಂದಿ ಅಳೆದುಬಿಡೋಣ." ಆಳು ಯಂತ್ರ ಕೆಳಗಿಳಿಸಿದ. ಇಬ್ಬರೂ ಹೊರಗೆ ಹೋದರು.

"ನನ್ನ ಯಾರೂ ಕೇಳಲೇ ಇಲ್ಲ," ಎಂದ ತಮ್ಮ.

ನಾವಿಬ್ಬರೂ ಅವನನ್ನು ನೋಡಿದೆವು. ಬೀರುವಿಗೆ ಒರಗಿ ನಿಂತಿದ್ದ. ತಲೆಯ ಮೇಲೆ, ಕೂದಲು ಹೋದ ಕಡೆ, ಉದುರಿದ ಗಾರೆಯ ಪುಡಿ ಕೂತಿತ್ತು.

"ನಿನ್ನ ಏನು ಕೇಳೋದು," ಎಂದೆ. "ಅಕ್ಕನಿಗೆ ಒಳಗೆ ಬೇಕು, ಅಕ್ಕನಿಗೆ ಒಳಗೆ ಬೇಕು ಅಂತ ದಿನಾ ನೀನೇ ಹೇಳ್ತಿದ್ದೆ."

"ಇನ್ನು ಹೇಗೆ ಹೇಳ್ಬೇಕಿತ್ತು ಅಕ್ಕ?"

ನನಗೆ ಅದು ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಇಷ್ಟು ದಿನ ನಾನು ಇವಳಿಗೋಸ್ಕರ ಎಂದು ನನಗಾಗಿ ಕೇಳುತ್ತಿದ್ದ ಹಾಗೆಯೇ, ಅವನು ಅಕ್ಕನಿಗೋಸ್ಕರ ಎಂದು ತನಗಾಗಿ ಕೇಳುತ್ತಿದ್ದ. ಪದ್ಧತಿ ಅವನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು, ಆದರೆ ಅವನ ಮಾತನ್ನು ಹಾಗೆ ಕೇಳಿಸಿಕೊಳ್ಳುವ ವ್ಯವಧಾನ ನನಗಿರಲಿಲ್ಲ.

"ನನಗೆ ಒಳಗೆ ಬೇಕು," ಎಂದ. ನನಗೆ ಎಂಬ ಮಾತು ಅವನ ಬಾಯಲ್ಲಿ ತೊಡರಿತು, ಇನ್ನೊಂದು ಸಲ ಹೇಳಿದ. "ನನಗೆ ಬೇಕು ಅಕ್ಕ. ನೀನು ಬಂದ್ಯೋ, ಉಂಡ್ಯೋ, ಮಲಗಿದ್ಯೋ ಅಂತ ಗೊತ್ತಾಗ್ಬೇಕು. ನಾನು ಹುಟ್ಟಿದಾಗಿಂದ ನೀನಿಲ್ಲದ ಮನೇಲಿ ಒಂದು ದಿನಾನೂ ಇದ್ದಿಲ್ಲ. ನನಗೆ ಅಭ್ಯಾಸ ಇಲ್ಲ."

ಈ ಮನುಷ್ಯನಿಗೆ ಬೇಕಾದ್ದನ್ನೆಲ್ಲ ಜೀವಮಾನವಿಡೀ ನಾನು ಕೇಳಿ ಕೊಡಿಸಿದ್ದೇನೆ. ಅವನು ಬಾಯಿಬಿಡುವ ಮೊದಲೇ ಕೊಡಿಸಿದ್ದೇನೆ. ಈ ಸಲ ಅವನ ಹೆಸರಲ್ಲಿ ಕೇಳುವವರು ಯಾರೂ ಉಳಿದಿರಲಿಲ್ಲ, ಅವನೇ ಕೇಳಬೇಕಾಯಿತು. ಕೊಡಬೇಕಾದವಳು ನಾನು. ಆಯ್ತು ಬಿಡೋ, ಒಳಗೇ ಇರಲಿ ಎಂದರೆ ಮುಗಿಯುತ್ತಿತ್ತು. ಆ ಮಾತು ಎಷ್ಟು ಹತ್ತಿರಕ್ಕೆ ಬಂದಿತ್ತೆಂದರೆ ತುಟಿ ಕೂಡ ಅಲುಗಿತು. ಗಡಿಬಿಡಿ ಬಟ್ಟೆ ಹಿಂಡುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ನಾನು ಸೋತುಬಿಡುತ್ತೇನೆ ಎಂಬ ಹೆದರಿಕೆ ಅವಳ ಮುಖದಲ್ಲಿತ್ತು.

"ಇಲ್ಲ ಕಣೋ," ಎಂದೆ. "ಆಗಲ್ಲ."

ಅವನು ತಲೆಯ ಮೇಲಿನ ಗಾರೆಯ ಪುಡಿ ಕೊಡವಿಕೊಂಡ.

"ನೀನು ನನಗೆ ಇಲ್ಲ ಅಂದಿದ್ದು ಇದೇ ಮೊದ್ಲು," ಎಂದ.

"ನೀನು ಕೇಳಿದ್ದೂ ಇದೇ ಮೊದ್ಲು."

ಅವನು ತಲೆಯಾಡಿಸಿದ. ಸಿಟ್ಟಿನಿಂದಲ್ಲ, ಲೆಕ್ಕ ಸರಿಯಿದೆ ಎಂದು ಒಪ್ಪಿಕೊಳ್ಳುವವರ ಹಾಗೆ. ಟಿವಿಯ ಹೊದಿಕೆ ತೆಗೆದು ಮಡಿಸತೊಡಗಿದ. ಮಡಿಸಲು ಬಾರದೆ ಅದು ಮತ್ತೆ ಮತ್ತೆ ಜಾರಿ ಬೀಳುತ್ತಿತ್ತು. ಬೇರೆ ದಿನವಾಗಿದ್ದರೆ ಹೋಗಿ ಕೈಯಿಂದ ಕಿತ್ತುಕೊಂಡು ನಾನೇ ಮಡಿಸುತ್ತಿದ್ದೆ. ಅವನ ಹೆಂಡತಿ ಎದ್ದು ಇನ್ನೊಂದು ತುದಿ ಹಿಡಿದಳು.

ಮೇಸ್ತ್ರಿ ಸಂದಿಯಿಂದ ಎರಡು ಸಲ ಕೂಗಿದ. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದೆ.